ತಂತ್ರಾಂಶದ ಆವೃತ್ತಿ ಸಂಖ್ಯೆ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಸುವರ್ಣಮುಖಿ ನದಿಗೆ ಅಡ್ಡಲಾಗಿರುವ ಬೋರನಕಣಿವೆ ಜಲಾಶಯವು 19ನೆಯ ಶತಮಾನದ ಕೊನೆಯಲ್ಲಿ ಮೈಸೂರು ಅರಸರ ಆಳ್ವಿಕೆಯಲ್ಲಿ ನಿರ್ಮಾಣವಾಯಿತು. ಯಾವುದೇ ಜಲಾಶಯದಲ್ಲಿ ಏರಿಯನ್ನು ಎತ್ತರಿಸುವುದು ಒಂದು ಬಗೆಯ ಕಾಮಗಾರಿ. ಹೊಸ ಕಾಲುವೆ ತೆಗೆಯುವುದು ಇನ್ನೊಂದು. ತೂಬಿನ ಸೋರಿಕೆಯನ್ನು ತಡೆಯುವುದು ಮತ್ತೊಂದು. ಗಣಕಯಂತ್ರದ ತಂತ್ರಾಂಶದಲ್ಲಿಯೂ ಬದಲಾವಣೆಗಳು ಈ ಮೂರು ಬಗೆಯವು. 4.2.7 ಎಂಬ ಆವೃತ್ತಿ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಮೊದಲ ಅಂಕಿಯು ಮೂಲಭೂತ ಮಾರ್ಪಾಟನ್ನೂ ಎರಡನೆಯದು ಹೊಸ ಸೌಲಭ್ಯವನ್ನೂ ಮೂರನೆಯದು ದೋಷ ನಿವಾರಣೆಯನ್ನೂ ಸೂಚಿಸುತ್ತದೆ. ಎಲ್ಲರೂ ಇದೇ ಕ್ರಮವನ್ನು ಅನುಸರಿಸುವುದಿಲ್ಲ. ಉಬುಂಟು 24.04 ಎಂದರೆ 2024ನೆಯ ಇಸವಿಯ ನಾಲ್ಕನೆಯ ತಿಂಗಳಿನ ಬಿಡುಗಡೆ.

ಈ ಚುಕ್ಕೆಯು ದಶಮಾಂಶದ ಚುಕ್ಕೆಯಲ್ಲ. ಜಮೀನಿನ ಸರ್ವೆ ನಂಬರು 45/9ರ ನಂತರ 45/10 ಬರುವಂತೆ, ಆವೃತ್ತಿ 4.9ರ ನಂತರ 4.10 ಬರುತ್ತದೆ. 4.10 ಚಿಕ್ಕದೆಂದು ಭಾವಿಸಿ 4.9ಕ್ಕೆ ಹಿಂದಿರುಗುವುದು ತಪ್ಪು.

ಲಿನಕ್ಸ್ ಪ್ಯಾಕೇಜುಗಳಲ್ಲಿ 4.2.7-3 ಎಂಬ ಬರಹವಿರುತ್ತದೆ. ಅಡ್ಡಗೆರೆಯ ಹಿಂದಿನದು ತಂತ್ರಾಂಶ ರಚಿಸಿದವರು ಕೊಟ್ಟ ಆವೃತ್ತಿ. ಮುಂದಿನದು ಅದನ್ನು ಕಟ್ಟಿ ಹಂಚುವವರು ಕೊಟ್ಟ ಬಿಡುಗಡೆ ಸಂಖ್ಯೆ. ತಿಪಟೂರಿನ ಮಾರುಕಟ್ಟೆಯಲ್ಲಿ ಅದೇ ಕೊಬ್ಬರಿಯನ್ನು ಹೊಸ ಚೀಲಕ್ಕೆ ತುಂಬಿದಂತೆ, ಮೂಲ ಆವೃತ್ತಿ ಬದಲಾಗದೆ ಕಟ್ಟುವ ಕ್ರಮ ಅಥವಾ ಸಣ್ಣ ತಿದ್ದುಪಡಿ ಮಾತ್ರ ಬದಲಾದಾಗ ಈ ಸಂಖ್ಯೆ ಏರುತ್ತದೆ. ಹೊಸ ಆವೃತ್ತಿ ಬಂದಾಗ ಅದು ವಾಡಿಕೆಯಂತೆ ಪುನಃ 1ರಿಂದ ಆರಂಭವಾಗುತ್ತದೆ.

ಈ ಅಂಕಿಗಳು ಪಂಚಾಯಿತಿಯ ದೈನಂದಿನ ಆಡಳಿತವನ್ನೂ ಮುಟ್ಟುತ್ತವೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ನಡಾವಳಿಯನ್ನು ಆ ಅಕ್ಷರಶೈಲಿಯಿಲ್ಲದ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಸಿದ್ಧಪಡಿಸಿದ ಕಡತಕ್ಕೆ ಈ ತೊಡಕಿಲ್ಲ. ಉದ್ಯೋಗ ಖಾತರಿ ಯೋಜನೆಯ ಸಾಮೂಹಿಕ ಕಾಮಗಾರಿಗಳ ಹಾಜರಾತಿಗೆ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಮೊಬೈಲ್ ಆ್ಯಪ್ ಕಡ್ಡಾಯವಾಯಿತು. ಇಂತಹ ಆ್ಯಪ್‌ನ ಹಳೆಯ ಆವೃತ್ತಿಯು ಕೆಲಸ ನಿಲ್ಲಿಸಿದರೆ, ದುಡಿದವರ ಹಾಜರಾತಿ ದಾಖಲಾಗದೆ ಕೂಲಿಗೇ ಕುತ್ತು ಬರಬಹುದು. ಪಂಚತಂತ್ರ 2.0 ಜಾಲತಾಣದ ಮೂಲಕ ನಡೆಯುವುದರಿಂದ ಅದರ ಪರಿಷ್ಕರಣೆ ಕೇಂದ್ರ ಸರ್ವರ್‌ನಲ್ಲಿಯೇ ಆಗುತ್ತದೆ. ಪಂಚಾಯಿತಿಯ ಗಣಕಯಂತ್ರದಲ್ಲಿ ಸ್ಥಾಪಿಸಿದ ತಂತ್ರಾಂಶಗಳನ್ನು ಮಾತ್ರ ಕಚೇರಿಯವರೇ ಗಮನಿಸಬೇಕು.

ಆದುದರಿಂದ ಸದಸ್ಯರು ಈ ಕೆಳಗಿನವುಗಳನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ:

1. ಸ್ಥಾಪಿಸಿರುವ ಪ್ರತಿಯೊಂದು ತಂತ್ರಾಂಶದ ಹೆಸರು, ಪೂರ್ಣ ಆವೃತ್ತಿ ಸಂಖ್ಯೆ ಹಾಗೂ ದಿನಾಂಕವನ್ನು ವಹಿಯಲ್ಲಿ ನಮೂದಿಸಲಾಗಿದೆಯೇ?
2. ಮೊದಲ ಅಂಕಿ ಬದಲಾಗುವ ಪರಿಷ್ಕರಣೆಗೆ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಲಾಗಿದೆಯೇ? ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವು ಹಳೆಯದರಲ್ಲಿ ತೆರೆಯದಿರಬಹುದು.
3. ದೋಷ ನಿವಾರಣೆಯ ಪರಿಷ್ಕರಣೆಗಳನ್ನು ವಿಳಂಬವಿಲ್ಲದೆ ಅಳವಡಿಸಲಾಗುತ್ತಿದೆಯೇ? ಭದ್ರತೆಯ ಲೋಪಗಳು ಸರಿಹೋಗುವುದು ಬಹುತೇಕ ಇವುಗಳಿಂದಲೇ.

ತೊಂದರೆ ಎದುರಾದಾಗ ಆವೃತ್ತಿ ಸಂಖ್ಯೆಯನ್ನೂ ಬಿಡುಗಡೆ ಸಂಖ್ಯೆಯನ್ನೂ ಪೂರ್ಣವಾಗಿ ತಿಳಿಸಿದಲ್ಲಿ ತಾಂತ್ರಿಕ ಸಿಬ್ಬಂದಿಗೆ ಕಾರಣ ಗುರುತಿಸುವುದು ಸುಲಭವಾಗುತ್ತದೆ. ಅರ್ಜಿದಾರರು ಕಚೇರಿಗೆ ಮತ್ತೆ ಮತ್ತೆ ಅಲೆಯುವುದೂ ತಪ್ಪುತ್ತದೆ.