ಕಾವೇರಿ ನೀರು ಹುಡುಕಿಕೊಂಡು ಸೈಕಲ್ ಏರಿದ ಜಯನಗರದ ಜೋಡಿ!

ಬನಶಂಕರಿ ಬಸ್ ನಿಲ್ದಾಣದಲ್ಲಿ ಕನಕಪುರದ ಬಸ್ಸಿಗೆ ಕಾದು ಕಾಲು ನೋಯಿಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಆದರೆ ಆ ದಿಕ್ಕಿನಿಂದ ಹಗಲೂ ರಾತ್ರಿ ನಮ್ಮ ಕಡೆಗೇ ಬರುತ್ತಿರುವ ಒಬ್ಬ ಪ್ರಯಾಣಿಕನನ್ನು ಕಂಡವರು ಕಡಿಮೆ. ಅವನಿಗೆ ಟಿಕೆಟ್ಟಿಲ್ಲ, ಕಂಡಕ್ಟರ್ ಕಾಟವಿಲ್ಲ. ಬರದಿದ್ದರೆ ಮಾತ್ರ ಬೀದಿಯೆಲ್ಲ ಬಿಂದಿಗೆ ಹಿಡಿದು ನಿಲ್ಲುತ್ತದೆ. ಅದೇ ಸ್ವಾಮಿ, ಕಾವೇರಿ ನೀರು!

ಈ ನೀರು ಎಲ್ಲಿಂದ ಹೊರಡುತ್ತದೆ ಎಂದು ನೋಡಲು ಜಯನಗರದ ಗಂಡ-ಹೆಂಡತಿ ಇಬ್ಬರು 2024ರ ಅಕ್ಟೋಬರ್‌ನಲ್ಲಿ ಸೈಕಲ್ ಏರಿ ಹೊರಟೇಬಿಟ್ಟರು. ಯಜಮಾನರದು ಒಂಬತ್ತನೇ ಬ್ಲಾಕಿನ ಕಡೆ ಜೆರಾಕ್ಸ್ ಅಂಗಡಿ, ವಯಸ್ಸು ಐವತ್ತೆರಡು. ಆಕೆ ಮನೆಯಲ್ಲೇ ಬ್ಲೌಸು ಹೊಲಿಯುತ್ತಾರೆ. “ಹೆಸರು ಹಾಕ್ಬೇಡಿ ಸಾರ್, ಗಿರಾಕಿಗಳು ಆಡ್ಕೋತಾರೆ” ಎಂದರು. ಹಾಕಿಲ್ಲ.

ಹುಚ್ಚು ಹತ್ತಿದ್ದು ಆ ವರ್ಷದ ಮಾರ್ಚಿಯಲ್ಲಿ. ಆಗಿನ ನೀರಿನ ಬರ ಯಾರಿಗೆ ನೆನಪಿಲ್ಲ? ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ನವರ ದರಕ್ಕೆ ಸರ್ಕಾರವೇ ಕಡಿವಾಣ ಹಾಕಬೇಕಾಗಿ ಬಂದಿತ್ತು. ಟ್ಯಾಂಕರ್ ಮುಂದೆ ಕೊಡ ಇಟ್ಟು ನಿಂತಿದ್ದ ಆಕೆ, “ರೀ, ಈ ಕಾವೇರಿ ನೀರು ಯಾವ ಊರಿಂದ ಬರುತ್ತೆ?” ಎಂದು ಕೇಳಿದರಂತೆ. ಯಜಮಾನರು “ಕಾವೇರಿಯಿಂದ” ಎಂದರಂತೆ. “ಅಷ್ಟು ನಂಗೂ ಗೊತ್ತು!”

ನಾವು ನೀವಾದರೂ ಕೊಡುತ್ತಿದ್ದುದು ಅದೇ ಉತ್ತರ. ಊರಿನ ಹೆಸರು ತೊರೆಕಾಡನಹಳ್ಳಿ, ಮಳವಳ್ಳಿ ತಾಲೂಕು. ಶಿವ ಅಣೆಕಟ್ಟೆಯಲ್ಲಿ ಕಾವೇರಿಯಿಂದ ತಿರುಗಿದ ನೀರು ನಾಲೆಯಲ್ಲಿ ನೆಟ್ಕಲ್ ಜಲಾಶಯಕ್ಕೆ ಬಂದು, ಅಲ್ಲಿಂದ ತೊರೆಕಾಡನಹಳ್ಳಿಗೆ ಹೋಗಿ ಶುದ್ಧವಾಗುತ್ತದೆ. ಆಮೇಲೆ ಶುರು ಅದರ ಕಷ್ಟ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಹಾಕಿ, ಹೆಚ್ಚುಕಡಿಮೆ ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರ ಹತ್ತಿಸಬೇಕು! ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಮ್ಮ ಜೋಡಿ ಹೊರಟದ್ದು ಅದೇ ವಾರ.

ಮಳೆಯ ಚೆಲ್ಲಾಟ

ಅದು ಚಿತ್ತಾ ಮಳೆಯ ಕಾಲ. ಬೆಂಗಳೂರಿನಲ್ಲಿ ರಸ್ತೆಗಳೇ ಕೆರೆಯಾಗಿದ್ದ ವಾರ. ಅಕ್ಕಪಕ್ಕದವರು “ಬುದ್ಧಿ ಇದೆಯೇನ್ರೀ?” ಎಂದದ್ದು ನ್ಯಾಯವೇ. ಇವರು ಕೇಳಲಿಲ್ಲ. ಎರಡು ಹಳೆಯ ಸೈಕಲ್ಲು, ಕ್ಯಾರಿಯರ್ ಮೇಲೆ ಟೆಂಟು, ಟಾರ್ಪಾಲು, ಪಂಕ್ಚರ್ ಸಾಮಾನು, ಒಂದು ಡಬ್ಬಿ ಗೊಜ್ಜವಲಕ್ಕಿ, ಇನ್ನೊಂದರಲ್ಲಿ ಚಟ್ನಿಪುಡಿ. ಮೆಟ್ರೋ ಕಂಬಗಳ ಸಾಲು ಸಿಲ್ಕ್ ಇನ್‌ಸ್ಟಿಟ್ಯೂಟ್ ಹತ್ತಿರ ಮುಗಿದ ಮೇಲೆಯೇ ಉಸಿರಾಡಲು ಗಾಳಿ ಸಿಕ್ಕಿತಂತೆ. ತಾತಗುಣಿ ಹತ್ತಿರ ಮೊದಲ ಕಾಫಿ. (ಇಲ್ಲಿನ ತೋಟದಲ್ಲೇ ಇನ್ನೊಂದು ಜೋಡಿ, ಚಿತ್ರನಟಿ ದೇವಿಕಾ ರಾಣಿ ಮತ್ತು ಚಿತ್ರಕಾರ ರೋರಿಕ್, ಬಾಳಿ ಹೋದದ್ದು. ಅವರು ಸೈಕಲ್ ತುಳಿದರೋ ಇಲ್ಲವೋ!)

ಹಾರೋಹಳ್ಳಿಯಲ್ಲಿ ಚುರುಗುಟ್ಟುವ ಬಿಸಿಲು. ಕನಕಪುರದಲ್ಲಿ ಮೋಡ. ಸಾತನೂರು ದಾಟುವಾಗ ಹನಿ. ಹಲಗೂರಿನ ಹತ್ತಿರ ಬರುವಷ್ಟರಲ್ಲಿ ಆಕಾಶವೇ ಹರಿದು ಬಿತ್ತು. ಟೆಂಟು ಬಿಚ್ಚುವ ಮಾತಿಲ್ಲ. ಒಂದು ದೇವಸ್ಥಾನದ ಜಗಲಿ ಸಿಕ್ಕಿತು. ಪೂಜಾರಪ್ಪ ಮೊದಲು ಅನುಮಾನದಿಂದ ನೋಡಿ, ಆಮೇಲೆ “ಎಲ್ಲಿಂದವ್ವಾ?” ಎಂದು ಆಕೆಯನ್ನೇ ಕೇಳಿದರು. ಬೆಂಗಳೂರು ಎಂದದ್ದಕ್ಕೆ ಅವರಿಗೆ ನಗು ತಡೆಯಲಿಲ್ಲ.

“ಹೆಂಗಸ್ರಿಗೆ ಬಸ್ಸು ಫ್ರೀ ಐತಲ್ಲವ್ವ! ನೀನ್ ಬಸ್ಸಲ್ಲಿ ಬಾ, ಅವ್ರು ಸೈಕಲ್ ತುಳೀಲಿ. ಮನೆಗೆ ಉಳೀತದೆ.”

ಈ ಮಾತನ್ನು ನಾಲ್ಕು ದಿನದಲ್ಲಿ ಹನ್ನೊಂದು ಸಲ ಕೇಳಿದೆವು ಎಂದು ಆಕೆ ಲೆಕ್ಕ ಇಟ್ಟಿದ್ದಾರೆ.

ಮಾರನೆಯ ದಿನ ತೊಳೆದಿಟ್ಟಂತಹ ಬಿಸಿಲು. ತೊರೆಕಾಡನಹಳ್ಳಿಯಲ್ಲಿ ಒಳಗೆ ಬಿಡುವವರು ಯಾರು? ಹೊರಗೆ ನಿಂತು ದೊಡ್ಡ ಕೊಳವೆಗಳನ್ನು ನೋಡಿದರು, ಅಷ್ಟೆ. ಆದರೆ ಬರುವಾಗ ಇಳಿಜಾರಿನಲ್ಲಿ ಸಲೀಸಾಗಿ ಬಂದಿದ್ದ ಯಜಮಾನರಿಗೆ ಅಲ್ಲೇ ಹೊಳೆಯಿತು: “ಸಾರ್, ಈ ದಾರೀನ ನೀರು ವಾಪಸ್ ಹತ್ಬೇಕಲ್ಲ! ನನ್ನ ಸೈಕಲ್ಲೇ ಹತ್ತಲ್ಲ.”

ನಾಲೆಯ ಬದಿ

ಅಲ್ಲಿಂದ ಮುಂದೆ ಮಳವಳ್ಳಿ, ಮಂಡ್ಯ ಕಡೆಗೆ ವಿಶ್ವೇಶ್ವರಯ್ಯ ನಾಲೆಯ ಸೀಮೆ. ನಮ್ಮ ಅಜ್ಜಂದಿರ ಬಾಯಲ್ಲಿ ಇದು ಇರ್ವಿನ್ ನಾಲೆ. ಕನ್ನಂಬಾಡಿ ಕಟ್ಟೆಯಿಂದ ಹೊರಟು ಮಂಡ್ಯ ಜಿಲ್ಲೆಗೆ ಕಬ್ಬು, ಭತ್ತ, ಸಕ್ಕರೆ ಕಾರ್ಖಾನೆ ಎಲ್ಲ ಕೊಟ್ಟದ್ದು ಇದೇ. ಹುಲಿಕೆರೆಯಲ್ಲಿ ಎರಡೂವರೆ ಕಿಲೋಮೀಟರಿಗೂ ಮೀರಿದ ಸುರಂಗ ಕೊರೆದು, ಗುಡ್ಡದ ಹೊಟ್ಟೆಯೊಳಗೆ ನೀರು ಹರಿಸಿದ್ದಾರೆ.

ಸಣ್ಣ ನಾಲೆಯ ಏರಿಯ ಮೇಲೆ ಸೈಕಲ್ ತುಳಿಯುವುದು ಸುಖವೇ ಸುಖ. ಒಂದು ಕಡೆ ನೀರು, ಇನ್ನೊಂದು ಕಡೆ ಹಾಲುಗಾಳು ತುಂಬುವ ಭತ್ತ. ಬಿಸಿಲು ಬಂದರೆ ಬಟ್ಟೆ ಒಣಗುತ್ತದೆ, ಮಳೆ ಬಂದರೆ ಮತ್ತೆ ನೆನೆಯುತ್ತದೆ. ಒಂದೇ ಸೀರೆಯನ್ನು ಒಂದೇ ದಿನ ಮೂರು ಸಲ ಒಣಹಾಕಿದರಂತೆ. ಆದರೆ ಜಡಿಮಳೆ ಬಿದ್ದ ಮೇಲೆ ಏರಿಯ ಮಣ್ಣು ಸೋಪಿನ ಹಾಗೆ. ಮಳವಳ್ಳಿ ಆಚೆ ಯಜಮಾನರು ಏರಿಯ ಮೇಲೇ ಟೆಂಟು ಹಾಕಲು ಗೂಟ ಹೊಡೆಯುತ್ತಿದ್ದಾಗ ಅಲ್ಲಿಗೆ ಬಂದ ನೀರುಗಂಟಿ ಬಯ್ದರು.

“ಎದ್ದೇಳಿ ಸ್ವಾಮಿ ಮೇಲಕ್ಕೆ! ರಾತ್ರಿ ಹೊಳ್ಳಿ ಮಲಗಿದ್ರೆ ನಾಳೆ ನಿಮ್ಮನ್ನ ಯಾವ ತೂಬಲ್ಲಿ ಹುಡುಕಾನ?”

ಆಕೆಗೆ ಈಜು ಬರುವುದಿಲ್ಲ. ಆ ರಾತ್ರಿಯ ಟೆಂಟು ನೀರುಗಂಟಿಯ ಮನೆಯ ಹಿಂದಿನ ಕಣದಲ್ಲಿ, ಹುಲ್ಲಿನ ಮೆದೆಯ ಮರೆಯಲ್ಲಿ. ಊಟಕ್ಕೆ ಮುದ್ದೆ, ಬಸ್ಸಾರು. ಊಟ ಮಾಡುತ್ತಾ ಆತ ಹೇಳಿದ್ದನ್ನು ಆಕೆ ನಮಗೆ ಹಾಗೆಯೇ ಒಪ್ಪಿಸಿದರು: “ನಾವು ನಾಲೆ ಕೊನೇಲಿರೋರು ಕಣವ್ವ. ಕಟ್ಟೆ ತುಂಬಿದ್ ವರ್ಷ ನೀರು. ಹೋದ್ವರ್ಷ ಗದ್ದೇಲಿ ಧೂಳು. ನಿಮ್ಗೆ ಪೈಪು ನಮ್ಮೂರ್ ಮುಂದ್ಲಿಂದ್ಲೇ ಹೋಯ್ತದೆ.”

ಆಕೆ ಏನು ಉತ್ತರ ಕೊಟ್ಟರು? “ಏನ್ ಹೇಳ್ಲಿ ಸಾರ್? ಇನ್ನೊಂದ್ ಸೌಟು ಸಾರು ಹಾಕಿಸ್ಕೊಂಡೆ.”

ಕಾಗದದ ಮೇಲಿನ ಲೆಕ್ಕ ಹೀಗಿದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿ.ಎಂ.ಸಿ.ಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಕುಡಿಯುವ ನೀರು ಮೊದಲು, ಅದು ಸರಿ. ಆದರೆ ಅದೇ ನೀರಲ್ಲಿ ಕಾರು ತೊಳೆದು, ಮನೆ ಮುಂದಿನ ರಸ್ತೆಗೂ ಪೈಪು ಹಿಡಿಯುವವರು ಜಯನಗರದಲ್ಲಿ ಎಷ್ಟು ಮಂದಿಯಿದ್ದಾರೆ ಎಂದು ಬೆಳಿಗ್ಗೆ ಏಳಕ್ಕೆ ಒಂದು ಸುತ್ತು ಬಂದವರಿಗೆ ಗೊತ್ತಾಗುತ್ತದೆ.

ಕನಗನಮರಡಿಯಲ್ಲಿ

ಕೊನೆಯ ದಿನ ಪಾಂಡವಪುರ ತಾಲೂಕಿನ ಕನಗನಮರಡಿ. ಬಸ್ಸಿನಲ್ಲಿ ಓಡಾಡುವವರು ಈ ಹೆಸರು ಮರೆಯಬಾರದು. 2018ರ ನವೆಂಬರ್ 24, ಶನಿವಾರ ಮಧ್ಯಾಹ್ನ, ಖಾಸಗಿ ಬಸ್ಸೊಂದು ಇಲ್ಲಿ ತುಂಬಿ ಹರಿಯುತ್ತಿದ್ದ ನಾಲೆಗೆ ಉರುಳಿತು. ಮೂವತ್ತು ಜನ ಸತ್ತರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು. ನಾಡೆಲ್ಲ ಆ ಕಡೆ ತಿರುಗಿತು. ಐದು ವರ್ಷದ ನಂತರ, 2023ರ ನವೆಂಬರ್‌ನಲ್ಲಿ, ಅದೇ ತಾಲೂಕಿನ ಬನಘಟ್ಟದ ಹತ್ತಿರ ಕಾರೊಂದು ಅದೇ ನಾಲೆಗೆ ಬಿದ್ದು ಮತ್ತೆ ಐವರು ಹೋದರು. ನಾಲೆ ಬದಿಗೆ ತಡೆಗೋಡೆ ಕಟ್ಟಿ ಎಂಬ ಕೂಗು ಏಳುವುದು ಪ್ರತಿ ಸಲವೂ ಹೆಣ ಎತ್ತಿದ ಮೇಲೆ!

ಇಲ್ಲಿ ಇಬ್ಬರೂ ಸೈಕಲ್ ಇಳಿದು ತಳ್ಳಿಕೊಂಡು ನಡೆದರು. ಅವತ್ತು ನೀರು ದಡ ಮುಟ್ಟಿ ಹರಿಯುತ್ತಿತ್ತು, ಸದ್ದೇ ಇರಲಿಲ್ಲ. “ಸದ್ದು ಮಾಡೋ ನೀರಿಗೆ ಹೆದರ್ಬೇಕು ಅಂದ್ಕೊಂಡಿದ್ದೆ. ಸದ್ದಿಲ್ದೆ ಹೋಗೋ ನೀರು ನೋಡಿದ್ ಮೇಲೆ ಕಾಲು ನಡುಗ್ತು” ಎಂದರು ಆಕೆ. ಮತ್ತೆ ಮೋಡ ಕವಿಯಿತು. ಕನ್ನಂಬಾಡಿ ಕಟ್ಟೆ ನೋಡುವ ಆಸೆ ಬಿಟ್ಟು ಪಾಂಡವಪುರಕ್ಕೆ ತಿರುಗಿದರು. ಬೆಂಗಳೂರಿಗೆ ತರಕಾರಿ ತರುವ ಗಾಡಿಯವನು ಕೋಸಿನ ಮೂಟೆಗಳ ಮೇಲೆ ಸೈಕಲ್ ಏರಿಸಿ, ಇವರನ್ನು ಮುಂದೆ ಕೂರಿಸಿಕೊಂಡು ರಾತ್ರಿ ಒಂದೂವರೆಗೆ ಕಲಾಸಿಪಾಳ್ಯಕ್ಕೆ ಇಳಿಸಿದ. ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದ್ದು ಬೇರೆ.

ಖರ್ಚೆಷ್ಟು ಎಂದು ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಟೆಂಟು ಬಿಟ್ಟರೆ ಇಬ್ಬರಿಗೂ ಸೇರಿ ಎರಡು ಸಾವಿರ ದಾಟಲಿಲ್ಲ. ನಾಲ್ಕು ದಿನ ಅಂಗಡಿ ಬಾಗಿಲು ಹಾಕಿದ ನಷ್ಟ ಬೇರೆ. ಅದನ್ನು ಯಜಮಾನರು ಹೇಳಲಿಲ್ಲ, ಆಕೆ ಪಕ್ಕದಲ್ಲೇ ಕೂತಿದ್ದರು!

ಈಗ ಮುಂದಿನ ಪ್ರಯಾಣದ ಮಾತು ನಡೆದಿದೆ. ಬರುವ ನೀರು ನೋಡಿಯಾಯಿತು, ಹೋಗುವ ನೀರು ನೋಡಬೇಡವೇ? ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುವ ವೃಷಭಾವತಿ ಊರ ಕೊಳೆಯೆಲ್ಲ ಹೊತ್ತು ಕೆಂಗೇರಿ, ಬಿಡದಿ ದಾಟಿ ಬೈರಮಂಗಲದ ಕೆರೆ ಸೇರುತ್ತದೆ. ಅಲ್ಲಿಂದಲೂ ನಾಲೆಗಳಿವೆ, ಅಲ್ಲೂ ಗದ್ದೆಗಳಿವೆ. ಯಜಮಾನರು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಾರೆ. ಆಕೆ ಮೂಗಿಗೆ ಕಟ್ಟಿಕೊಳ್ಳಲು ಎರಡು ಬಟ್ಟೆ ಹೊಲಿದಿಟ್ಟಿದ್ದಾರೆ.