ನ್ಯೂವಾರ್ಕಿನ ತರುಣ ಗಾಯಕನ ಬಿರುದು

ಅಮೆರಿಕದ ನ್ಯೂವಾರ್ಕ್ ನಗರದಲ್ಲಿ ಡಿಜೆ ತಮೀಲ್ ಮೊದಲಾದವರು 1990ರ ದಶಕದ ಕೊನೆಯಿಂದ ಬೆಳೆಸಿದ ‘ಜೆರ್ಸಿ ಕ್ಲಬ್’ ಸಂಗೀತವು ಕುಣಿತಕ್ಕೆಂದೇ ಹುಟ್ಟಿದುದು. ಷಿಕಾಗೊದಲ್ಲಿ ತಲೆಯೆತ್ತಿದ ‘ಡ್ರಿಲ್’ ಎಂಬ ರ್‍ಯಾಪ್ ಗಾಯನವಾದರೋ ಬೀದಿಯ ಹಗೆಯನ್ನೂ ಸಾವನ್ನೂ ಸಾರುವಂಥದು. ಇವೆರಡನ್ನೂ ಬೆಸೆದವರಲ್ಲಿ ನ್ಯೂವಾರ್ಕಿನ ತರುಣ ಬ್ಯಾಂಡ್‌ಮನ್‌ರಿಲ್ ಮುಂದಾಳು. 2021ರಲ್ಲಿ ಎಂಸಿವರ್ಟ್ ಎಂಬಾತನು ಹೊಸೆದ ಬಿರುಸು ತಾಳಕ್ಕೆ ಈತನು ಹಾಡಿದ ‘ಹಾರ್ಟ್‌ಬ್ರೋಕನ್’ ಬಹುದೂರ ಹಬ್ಬಿತು. ಕಾಲು ಕುಣಿಯುತ್ತಿರುವಾಗಲೇ ಮಾತು ಕಟುವಾಗಿರುವುದು ಈ ಬಗೆಯ ವೈಚಿತ್ರ್ಯ. ಆದರೆ 2022ರಲ್ಲಿ ಅದೇ ತಾಳಗಾರನ ನೆರವಿನಿಂದ ಫಿಲಡೆಲ್ಫಿಯದ ಲಿಲ್ ಊಜಿ ವರ್ಟ್ ಅವರು ಹಾಡಿದ ‘ಜಸ್ಟ್ ವಾನಾ ರಾಕ್’ ಕೀರ್ತಿಯ ಬಹುಭಾಗವನ್ನು ಕೊಂಡೊಯ್ದಿತು. ಅದೇ ವರ್ಷ ನ್ಯೂವಾರ್ಕಿನ ತರುಣನು ತನ್ನ ಆಲ್ಬಮಿಗೆ ‘ಕ್ಲಬ್ ಗಾಡ್‌ಫಾದರ್’ ಎಂದು ಹೆಸರಿಟ್ಟನು. ಊರಿನ ಸೊತ್ತಿಗೆ ಊರಿನವನು ಹಕ್ಕು ಸಾಧಿಸಿದುದು ನ್ಯಾಯವೇ. ಕುಲಪಿತನೆಂಬ ಆ ಬಿರುದು ಮಾತ್ರ ತಮೀಲರಂಥ ಹಿರಿಯರಿಗೆ ಸಲ್ಲತಕ್ಕದ್ದೆಂದು ನಮ್ಮ ಅಭಿಪ್ರಾಯ.