ಉರಿದು ಮುಗಿದ ಟ್ಯೂಬ್‌ಲೈಟು ಯಾರ ಪಾಲಿಗೆ?

‘ಮನೆಗೆಲ್ಲ ಎಲ್‌ಇಡಿ ಹಾಕಿಸಿದೆವು. ಕಳಚಿಟ್ಟ ಹಳೆಯ ಟ್ಯೂಬ್‌ಲೈಟುಗಳನ್ನು ಕಸದ ಗಾಡಿಯವರು ಮುಟ್ಟುತ್ತಿಲ್ಲ, ಗುಜರಿಯವನೂ ಬೇಡ ಅಂದ. ಏನು ಮಾಡಲಿ?’ ಬೆಂಗಳೂರಿನ ಓದುಗರೊಬ್ಬರು ಹೀಗೆ ಕೇಳಿದ್ದಾರೆ.

ಗಾಡಿಯವರು ಮುಟ್ಟದೇ ಇದ್ದದ್ದು ಒಳ್ಳೆಯದೇ ಆಯಿತು. ಎಷ್ಟೋ ಕಡೆ ಮುಟ್ಟುತ್ತಾರೆ. ನಾಲ್ಕಡಿ ಉದ್ದದ ಟ್ಯೂಬು ಆಟೊ ಟಿಪ್ಪರಿನಲ್ಲಿ ಅಡ್ಡ ಬರುತ್ತದೆಂದು ಅದರ ಅಂಚಿಗೇ ಬಡಿದು ಎರಡು ತುಂಡು ಮಾಡಿ ಒಳಗೆಸೆಯುವುದನ್ನು ನೀವೂ ನೋಡಿರುತ್ತೀರಿ. ಟ್ಯೂಬಿನೊಳಗೆ ಒತ್ತಡ ತೀರಾ ಕಡಿಮೆ. ಒಡೆದ ತಕ್ಷಣ ಹೊರಗಿನ ಗಾಳಿ ನುಗ್ಗುವುದರಿಂದ ‘ಠಪ್’ ಎಂಬ ಸದ್ದು. ಹಿಂದೆಯೇ ಬಿಳಿ ಪುಡಿ ಹಾರುತ್ತದೆ, ಪೌರಕಾರ್ಮಿಕರ ಮುಖಕ್ಕೇ ಹೊಡೆಯುತ್ತದೆ. ಕಣ್ಣಿಗೆ ಕಾಣುವುದು ಆ ಪುಡಿ ಮಾತ್ರ. ಕಾಣದೆ ಹೊರಡುವುದು ಪಾದರಸದ ಆವಿ.

ಟ್ಯೂಬ್‌ಲೈಟು ಬೆಳಗುವುದೇ ಪಾದರಸದ ದೆಸೆಯಿಂದ. ಒಳಗಿನ ಆವಿಯ ಪರಮಾಣುಗಳಿಗೆ ಎಲೆಕ್ಟ್ರಾನುಗಳು ಡಿಕ್ಕಿ ಹೊಡೆದಾಗ ಅವು ನೇರಳಾತೀತ ಕಿರಣ ಬಿಡುತ್ತವೆ. ಬಹುಪಾಲು 253.7 ನ್ಯಾನೊಮೀಟರ್ ತರಂಗಾಂತರದ ಈ ಕಿರಣ ನಮಗೆ ಕಾಣುವುದಿಲ್ಲ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಹೀರಿಕೊಂಡು ಕಾಣುವ ಬೆಳಕಾಗಿಸುತ್ತದೆ. ಹಳೆಯ ದಪ್ಪ ಟ್ಯೂಬುಗಳಲ್ಲಿ ಹತ್ತಾರು ಮಿಲಿಗ್ರಾಂ ಪಾದರಸ ಇರುತ್ತಿತ್ತು. ಸಿಎಫ್‌ಎಲ್ ಬರುವ ಹೊತ್ತಿಗೆ ಅದು ನಾಲ್ಕೈದು ಮಿಲಿಗ್ರಾಮಿಗೆ ಇಳಿಯಿತು. ಜ್ವರ ನೋಡುವ ಹಳೆಯ ಥರ್ಮಾಮೀಟರಿನಲ್ಲಿ ಅರ್ಧ ಗ್ರಾಂ ಅಥವಾ ಅದಕ್ಕೂ ಹೆಚ್ಚು, ಅಂದರೆ ಒಂದು ಥರ್ಮಾಮೀಟರು ನೂರು ಸಿಎಫ್‌ಎಲ್‌ಗೆ ಸಮ.

ಆದ್ದರಿಂದ ಒಂದು ಬಲ್ಬು ಒಡೆದರೆ ಮನೆಮಂದಿಗೆಲ್ಲ ವಿಷವೇರುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ತಿರುಗುವ ಸಂದೇಶಗಳನ್ನು ನಂಬಬೇಡಿ. ಕಿಟಕಿ ತೆರೆದು ಹತ್ತು ನಿಮಿಷ ಕೋಣೆಯಿಂದ ಹೊರಗಿರಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬೇಡ, ಅವು ಪುಡಿಯನ್ನು ಎಬ್ಬಿಸುತ್ತವೆ. ಎರಡು ರಟ್ಟಿನ ಚೂರುಗಳಿಂದ ಬಳಿದು, ಉಳಿದದ್ದನ್ನು ಅಂಟು ಟೇಪಿಗೆ ಒತ್ತಿ ತೆಗೆದು, ಮುಚ್ಚಳವಿರುವ ಗಾಜಿನ ಬಾಟಲಿಗೆ ತುಂಬಿ. ಮನೆಯ ಮಟ್ಟಿಗೆ ಇಷ್ಟು ಸಾಕು. ಊರಿನ ಲೆಕ್ಕ ಬೇರೆ.

ಕೊಡ ಹಾಲಿಗೆ ತೊಟ್ಟು ಹುಳಿ ಎನ್ನುತ್ತೇವಲ್ಲ, ಊರಿನ ಕಸದಲ್ಲಿ ಈ ಅಪಾಯಕಾರಿ ಚೂರುಗಳ ಪಾತ್ರ ಹೆಚ್ಚುಕಡಿಮೆ ಅದೇ. ಹಾಲಿಗೆ ಬಿದ್ದ ಹೆಪ್ಪಿನಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಅವು ಒಂದು ಎರಡಾಗಿ, ಎರಡು ನಾಲ್ಕಾಗಿ, ಬೆಳಗಾಗುವುದರೊಳಗೆ ಇಡೀ ಕೊಡವನ್ನು ಮೊಸರಾಗಿಸುತ್ತವೆ. ಪಾದರಸ ಹಾಗೆ ಮರಿ ಹಾಕುವುದಿಲ್ಲ. ಐದು ಮಿಲಿಗ್ರಾಂ ಬಿದ್ದರೆ ನೂರು ವರ್ಷ ಕಳೆದರೂ ಐದೇ ಮಿಲಿಗ್ರಾಂ. ಹೆಚ್ಚೂ ಆಗದು, ನಾಶವೂ ಆಗದು. ಹಾಗಾದರೆ ಹೋಲಿಕೆ ಇಲ್ಲಿಗೆ ಮುರಿದುಬಿತ್ತೇ? ಇಲ್ಲ. ಇಲ್ಲೂ ಕೆಲಸ ಕೆಡಿಸುವವು ಬ್ಯಾಕ್ಟೀರಿಯಾಗಳೇ. ಅದನ್ನು ವಿಜ್ಞಾನಿಗಳು ಪತ್ತೆ ಮಾಡಿದ ಕತೆ ಸ್ವಾರಸ್ಯಕರ.

ಜಪಾನಿನ ಮಿನಾಮಾಟ ಪಟ್ಟಣದಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆಯಿತ್ತು. ಕಂಪನಿ ಆಸ್ಪತ್ರೆಯ ಮುಖ್ಯಸ್ಥ ಡಾ. ಹಾಜಿಮೆ ಹೊಸೊಕಾವಾ 1956ರ ಮೇ 1ರಂದು ಕಾರಣ ತಿಳಿಯದ ನರರೋಗವೊಂದನ್ನು ಆರೋಗ್ಯ ಇಲಾಖೆಗೆ ವರದಿ ಮಾಡಿದರು. ಕೊಲ್ಲಿಯ ಮೀನು ತಿಂದವರ ಕೈಕಾಲು ಸ್ವಾಧೀನ ತಪ್ಪುತ್ತಿತ್ತು, ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸಾಯುತ್ತಿದ್ದವು. 1959ರಲ್ಲಿ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯನೀರನ್ನೇ ಬೆರೆಸಿದ ಆಹಾರವನ್ನು ಬೆಕ್ಕೊಂದಕ್ಕೆ ತಿನ್ನಿಸಿ ನೋಡಿದರು. ಪ್ರಯೋಗದ ದಾಖಲೆಯಲ್ಲಿ ಅದು 400ನೇ ನಂಬರಿನ ಬೆಕ್ಕು. ಅದಕ್ಕೂ ಅದೇ ರೋಗ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಪಾದರಸ ತುಂಬಿದ ನೀರು ಸಮುದ್ರಕ್ಕೆ ಹರಿಯುವುದು ನಿಂತದ್ದು 1968ರಲ್ಲಿ.

ಮಿನಾಮಾಟದಲ್ಲಿ ಜನರನ್ನು ಕೊಂದದ್ದು ಮೀಥೈಲ್ ಪಾದರಸ, ಅದು ಕಾರ್ಖಾನೆಯೊಳಗೇ ತಯಾರಾಗಿ ಹೊರಬರುತ್ತಿತ್ತು. ಸ್ವೀಡನ್ನಿನ ಒಗಟು ಬೇರೆ. ಅಲ್ಲಿನ ಮೀನುಗಳಲ್ಲಿರುವ ಪಾದರಸ ಹೆಚ್ಚಾಗಿ ಮೀಥೈಲ್ ರೂಪದ್ದೇ ಎಂದು ರಸಾಯನವಿಜ್ಞಾನಿ ಗುನ್ನೆಲ್ ವೆಸ್ಟೋ 1966ರಲ್ಲಿ ತೋರಿಸಿದರು. ಆದರೆ ಅಲ್ಲಿ ನೀರಿಗೆ ಸೇರುತ್ತಿದ್ದ ಪಾದರಸ ಬಹುಪಾಲು ಬೇರೆ ರೂಪಗಳದ್ದು. ಹಾಗಾದರೆ ಮೀಥೈಲ್ ಎಲ್ಲಿಂದ ಬಂತು? ಸೋರೆನ್ ಯೆನ್ಸೆನ್ ಮತ್ತು ಆರ್ನೆ ಯೆರ್ನೆಲೋವ್ 1969ರಲ್ಲಿ ಉತ್ತರ ಕೊಟ್ಟರು: ಕೆರೆಯ ತಳದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಸಾದಾ ಪಾದರಸಕ್ಕೆ ಮೀಥೈಲ್ ಗುಂಪನ್ನು ಅಂಟಿಸುತ್ತವೆ. ಈ ಕೆಲಸಕ್ಕೆ ಬೇಕಾದ ಎರಡು ಜೀನುಗಳನ್ನು ಅಮೆರಿಕದ ಸಂಶೋಧಕರು ಗುರುತಿಸಿದ್ದು 2013ರಲ್ಲಿ. ಈ ರೂಪಕ್ಕೆ ಬಂದ ಪಾದರಸವನ್ನು ಪಾಚಿ ಹೀರುತ್ತದೆ, ಪಾಚಿಯನ್ನು ಹುಳ, ಹುಳವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ. ಪ್ರತಿ ಮೆಟ್ಟಿಲಿಗೂ ಸಾಂದ್ರತೆ ಏರುತ್ತದೆ.

ಆ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಆಮ್ಲಜನಕ ಇಲ್ಲದ ಜಾಗ ಮತ್ತು ಕೊಳೆಯುವ ಆಹಾರ. ಕೆರೆಯ ಕೆಸರು ಅಂಥದ್ದು. ಹಸಿ ಕಸ ಬೆರೆತ ಲ್ಯಾಂಡ್‌ಫಿಲ್ಲಿನ ಹೊಟ್ಟೆಯೂ ಅಂಥದ್ದೇ. ಸ್ಟೀವ್ ಲಿಂಡ್‌ಬರ್ಗ್ ಮತ್ತು ಸಂಗಡಿಗರು ಫ್ಲಾರಿಡಾದ ಕಸದ ಗುಡ್ಡದಿಂದ ಹೊಮ್ಮುವ ಅನಿಲದಲ್ಲಿ ಮೀಥೈಲ್ ರೂಪದ ಪಾದರಸವನ್ನು ಅಳೆದು 2001ರಲ್ಲಿ ಪ್ರಕಟಿಸಿದರು. ಟ್ಯೂಬ್‌ಲೈಟು ಒಂದೇ ಬಿದ್ದಿದ್ದರೆ ಬರಿಯ ಪಾದರಸ. ಕೊಳೆತ ಅನ್ನ, ತರಕಾರಿ ಸಿಪ್ಪೆಯ ಜತೆ ಬಿದ್ದರೆ ಮೀನಿನ ಮೈಗೆ ಸಲೀಸಾಗಿ ಏರುವ ಪಾದರಸ. ಸತ್ತ ಬ್ಯಾಟರಿಗಳ ಕತೆಯೂ ಹೀಗೇ. ಹಸಿ ಕಸ ಕೊಳೆಯುವ ಮೊದಲ ಹಂತದಲ್ಲಿ ಆಮ್ಲಗಳು ಹುಟ್ಟುತ್ತವೆ, ಅವು ಸೀಸ, ಕ್ಯಾಡ್ಮಿಯಂಗಳನ್ನು ಕರಗಿಸಿ ಕಸದ ನೀರಿಗೆ ಬಿಡುತ್ತವೆ. ಕಸ ಬೇರೆ ಮಾಡಿ ಕೊಡಿ ಎಂದು ಪಾಲಿಕೆ ಹೇಳುವುದು ಬರೀ ಶಿಸ್ತಿನ ಉಪದೇಶವೆಂದು ತಿಳಿದವರು ಈ ರಸಾಯನಶಾಸ್ತ್ರ ನೋಡಬೇಕು.

ಇನ್ನು ಕಾನೂನು. ಕಾರ್ಖಾನೆಯಿಂದ ಹೊರಡುವ ಅಪಾಯಕಾರಿ ತ್ಯಾಜ್ಯದ ಜತೆ ಕಾಗದಪತ್ರ ಹೋಗಬೇಕು: ಯಾರು ಕಳಿಸಿದರು, ಯಾರು ಸಾಗಿಸಿದರು, ಎಲ್ಲಿ ಇಳಿಸಿದರು. ದಾಬಸ್‌ಪೇಟೆ ಬಳಿ ಇದಕ್ಕೆಂದೇ ಸುರಕ್ಷಿತ ಹೂಳುತಾಣವಿದೆ. ಜೇಡಿಮಣ್ಣಿನ ಪದರ, ದಪ್ಪ ಪ್ಲಾಸ್ಟಿಕ್ ಹಾಸು, ಸೋರುವ ನೀರನ್ನು ಹಿಡಿಯುವ ಕೊಳವೆ, ಎಲ್ಲ ಇರುವ ಜಾಗ. ಅದೇ ಪಾದರಸ ಮನೆಯಿಂದ ಹೊರಟರೆ ಈ ಕಾಗದಪತ್ರವಿಲ್ಲ, ಅದು ಸ್ಥಳೀಯ ಸಂಸ್ಥೆಯ ಹೊಣೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮ ಟ್ಯೂಬ್‌ಲೈಟು, ಸಿಎಫ್‌ಎಲ್, ಒಡೆದ ಥರ್ಮಾಮೀಟರು, ಬಣ್ಣದ ಡಬ್ಬ, ಕೀಟನಾಶಕದ ಡಬ್ಬಿ, ಅವಧಿ ಮುಗಿದ ಔಷಧ, ಬ್ಯಾಟರಿ, ಬಳಸಿದ ಸಿರಿಂಜು, ಇವೆಲ್ಲವನ್ನೂ ಹೆಸರಿಸಿ, ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ತೆರೆಯಬೇಕು, ಅದರ ಸಮಯವನ್ನು ಜನರಿಗೆ ತಿಳಿಸಬೇಕು ಎಂದಿತು. 700 ಚದರ ಕಿಲೋಮೀಟರು ಮೀರಿದ ಬೆಂಗಳೂರಿಗೆ ಈ ಲೆಕ್ಕದಲ್ಲಿ 35ಕ್ಕಿಂತ ಹೆಚ್ಚು ಕೇಂದ್ರ ಬೇಕು. ನಿಮ್ಮ ಮನೆಗೆ ಹತ್ತಿರದ್ದು ಯಾವುದು, ಹೇಳಿ ನೋಡೋಣ!

ತಮಾಷೆಯೆಂದರೆ ಇದೇ ಟ್ಯೂಬ್‌ಲೈಟು ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲೂ ಇದೆ. ಅಲ್ಲಿ ಹೊಣೆ ತಯಾರಕರದು, ಇಲ್ಲಿ ಪಾಲಿಕೆಯದು. ಇಬ್ಬರು ಅಪ್ಪಂದಿರಿದ್ದೂ ಅನಾಥವಾದ ಕೂಸು. ಈಗ 2026ರ ಹೊಸ ನಿಯಮ ಕಸವನ್ನು ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ನಿಗಾ ಬೇಕಾದ ಕಸ ಎಂದು ನಾಲ್ಕು ಮಾಡಿದೆ. ವಿಂಗಡಣೆ ನಾಲ್ಕಾಗಲಿ ಎಂಟಾಗಲಿ, ಕೊಡಲು ಜಾಗವಿಲ್ಲದಿದ್ದರೆ ಮನೆಯವರು ಎಷ್ಟು ದಿನ ಅಟ್ಟದ ಮೇಲೆ ಇಟ್ಟುಕೊಂಡಾರು?

ಸಂಗ್ರಹಿಸಿದ ಮೇಲಿನ ಕೆಲಸಕ್ಕೆ ತಂತ್ರಜ್ಞಾನ ಹಳೆಯದೇ, ನಂಬಿಕಸ್ಥವೂ ಹೌದು. ಗಾಳಿ ಹೊರಸೋರದಂತೆ ಒಳಮುಖವಾಗಿ ಎಳೆಯುವ ಯಂತ್ರದಲ್ಲಿ ಟ್ಯೂಬುಗಳನ್ನು ಪುಡಿ ಮಾಡುತ್ತಾರೆ. ಆವಿಯನ್ನು ಗಂಧಕ ಲೇಪಿಸಿದ ಇದ್ದಿಲಿನ ಮೂಲಕ ಹಾಯಿಸಿದರೆ ಪಾದರಸ ಗಂಧಕದೊಡನೆ ಕೂಡಿ ಅಲ್ಲೇ ನಿಲ್ಲುತ್ತದೆ. ಗಾಜು, ಅಲ್ಯೂಮಿನಿಯಂ ಬೇರೆಯಾಗುತ್ತವೆ. ಬಿಳಿ ಪುಡಿಯನ್ನು ಕಾಯಿಸಿದರೆ ಅದರಲ್ಲಿನ ಪಾದರಸ ಆವಿಯಾಗಿ ಹೊರಟು, ತಣಿದು ಮತ್ತೆ ಹನಿಯಾಗುತ್ತದೆ; ಅದರ ಕುದಿಬಿಂದು 357 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಆದರೆ ಯಂತ್ರಕ್ಕೆ ಬೇಕಾದದ್ದು ಇಡೀ ಟ್ಯೂಬು. ಆಟೊ ಟಿಪ್ಪರಿನಲ್ಲಿ ಒಡೆದು ಬಂದದ್ದರಿಂದ ಪಾದರಸದ ಒಂದಷ್ಟು ಪಾಲು ಆಗಲೇ ಹೊರಟುಹೋಗಿರುತ್ತದೆ.

ಕೇರಳ ಔಷಧಗಳ ಮಟ್ಟಿಗೆ ಒಂದು ದಾರಿ ತೋರಿಸಿದೆ. ಅಲ್ಲಿನ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಕೋಯಿಕ್ಕೋಡ್ ಪಾಲಿಕೆ ಮತ್ತು ಉಳ್ಳಿಯೇರಿ ಪಂಚಾಯಿತಿಯಲ್ಲಿ ಉಳಿದ ಮಾತ್ರೆ, ಸಿರಪ್ಪುಗಳನ್ನು ಸಂಗ್ರಹಿಸಿ ವೈಜ್ಞಾನಿಕವಾಗಿ ವಿಲೇವಾರಿ ಮಾಡುವ ಯೋಜನೆ ಶುರು ಮಾಡಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ವರ್ಷಕ್ಕೊಮ್ಮೆ ಪರಿಸರ ದಿನದಂದು ಶಾಮಿಯಾನ ಹಾಕಿ ಇ-ಕಸ ಪಡೆಯುವ ಶಿಬಿರ. ಫೋಟೊ ಚೆನ್ನಾಗಿ ಬರುತ್ತದೆ. ಬಲ್ಬು ಮಾತ್ರ ಪರಿಸರ ದಿನ ನೋಡಿ ಕೆಡುವುದಿಲ್ಲ. ಒಂದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಟ್ಯೂಬು ನಿಲ್ಲಿಸಲು ಉದ್ದನೆಯ ಡ್ರಮ್ಮು, ಬ್ಯಾಟರಿಗೆ ಒಂದು ಪೆಟ್ಟಿಗೆ, ತಿಂಗಳಿಗೊಮ್ಮೆ ಅವನ್ನು ಒಯ್ಯುವ ಅಧಿಕೃತ ಗಾಡಿ, ಇಷ್ಟಕ್ಕೆ ಸ್ಮಾರ್ಟ್ ಬಿನ್ನೂ ಬೇಡ, ಆ್ಯಪೂ ಬೇಡ.

ತುರ್ತಿಗೂ ಕಾರಣವಿದೆ. 2018ರಲ್ಲಿ ಭಾರತ ಸ್ಥಿರೀಕರಿಸಿದ, ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಾಮಾಟ ಒಪ್ಪಂದದ ಪ್ರಕಾರ ತಯಾರಿಕೆ ನಿಲ್ಲಿಸಲು ಸಾಮಾನ್ಯ ಬೆಳಕಿನ ಸಿಎಫ್‌ಎಲ್‌ಗಳಿಗೆ 2025ರ ಗಡುವಿತ್ತು, ಉದ್ದನೆಯ ಟ್ಯೂಬುಗಳಿಗೆ 2027ರ ಗಡುವಿದೆ. ಹೊಸವು ಬರುವುದು ನಿಲ್ಲುತ್ತದೆ; ಹಳೆಯವು ಎಲ್ಲ ಮನೆಗಳಿಂದ ಒಟ್ಟಿಗೆ ಹೊರಬೀಳುವ ಕಾಲ ಇದೇ.

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇಷ್ಟು: ಟ್ಯೂಬುಗಳನ್ನು ಎಲ್‌ಇಡಿ ಬಂದ ರಟ್ಟಿನ ಕವಚಕ್ಕೇ ಸೇರಿಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮೊದಲು ವಾರ್ಡಿನ ಒಣ ಕಸ ಕೇಂದ್ರದಲ್ಲಿ, ಅಲ್ಲಿ ಆಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಾಹಕರಲ್ಲಿ ವಿಚಾರಿಸಿ. ಜತೆಗೆ ಪಾಲಿಕೆಗೆ ಒಂದು ಅರ್ಜಿ ಬರೆಯಿರಿ: ನಮ್ಮ ಬಡಾವಣೆಯ ಅಪಾಯಕಾರಿ ಕಸದ ಸಂಗ್ರಹ ಕೇಂದ್ರ ಎಲ್ಲಿದೆ, ಯಾವ ದಿನ ತೆರೆದಿರುತ್ತದೆ, ಅಲ್ಲಿಂದ ಮಾಲು ಎಲ್ಲಿಗೆ ಹೋಗುತ್ತದೆ? ಉತ್ತರ ಬಂದರೆ ನಮಗೂ ತಿಳಿಸಿ, ಇಲ್ಲೇ ಪ್ರಕಟಿಸೋಣ.